ಇಪ್ಪತ್ತಾರು ಚೀಲ ಜೋಳದಷ್ಟು ವಯಸ್ಸಿನ ಕಲ್ಲು

ಒಂದು ಜೋಳದ ಕಾಳು ಅಂದರೆ ಒಂದು ವರ್ಷ. ಈ ಅಳತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ವಯಸ್ಸುಗಳು ಎಂಥವೆಂದರೆ, ಸೊನ್ನೆಗಳನ್ನು ಸಾಲಾಗಿ ಬರೆದು ಮುಂದಿಟ್ಟರೆ ಯಾರ ಎದೆಗೂ ಇಳಿಯುವುದಿಲ್ಲ. ಜೋಳ ಹಾಗಲ್ಲ. ಯಾದಗಿರಿ ಸೀಮೆಯ ವಡಗೇರಾದ ನಾವು ಹುಟ್ಟಿದಾಗಿನಿಂದ ಜೋಳ ಬಿತ್ತಿ, ರಾಶಿ ಮಾಡಿ, ಚೀಲ ಹೊತ್ತು, ರೊಟ್ಟಿ ತಿಂದು ಬೆಳೆದವರು. ಒಂದು ಚೀಲ ಅಂದರೆ ಎಷ್ಟು ಭಾರ ಎಂದು ನಮ್ಮ ಬೆನ್ನಿಗೆ ಗೊತ್ತು.

ಹಾಗಾಗಿ ಮನೆಯಿಂದ ಒಂದು ಹಿಡಿ ಬಿಳಿಜೋಳ ಒಯ್ದು, ಪತ್ತಾರರ ಅಂಗಡಿಯಲ್ಲಿ ಬಂಗಾರ ತೂಗುವ ತಕ್ಕಡಿಗೆ ಹಾಕಿಸಿದೆ. ಹತ್ತು ಗ್ರಾಂ ತೂಗಿಸಿ ಒಂದೊಂದೇ ಕಾಳು ಎಣಿಸಿದೆ: 333. ಅಂದರೆ ಒಂದು ಕಿಲೋಗೆ 33 ಸಾವಿರ ಕಾಳು. ನೂರು ಕಿಲೋದ ಒಂದು ಚೀಲಕ್ಕೆ 33 ಲಕ್ಷ ಕಾಳು! ದಿನಾ ಕಣ್ಣೆದುರಿಗಿರುವ ಚೀಲದೊಳಗೆ 33 ಲಕ್ಷ ಕೂತಿದೆ ಎಂದು ಯಾರು ಯೋಚಿಸುತ್ತಾರೆ? ಒಂದು ಕಾಳಿಗೆ ಒಂದು ವರ್ಷದಂತೆ ಲೆಕ್ಕ ಹಿಡಿದರೆ, ನಮ್ಮ ಮೂಲೆಯ ಒಂದೇ ಚೀಲದಲ್ಲಿ 33 ಲಕ್ಷ ವರ್ಷ ತುಂಬಿದೆ. ಈ ಅಳತೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಕಡಲು ನೋಡಲು ಹೊರಟೆ. ಉಡುಪಿ, ಮಲ್ಪೆ, ಅಲ್ಲಿಂದ ನೀರಿನ ಮೇಲೆ ಸೇಂಟ್ ಮೇರಿಸ್ ದ್ವೀಪ.

ಭೀಮೆ ಕೃಷ್ಣೆಯರ ನಡುವಿನ ನಮ್ಮ ಎರೆ ಹೊಲಗಳಿಂದ ಉಡುಪಿಗೆ ರಸ್ತೆಯಲ್ಲಿ 500 ಕಿ.ಮೀ.ಗೂ ಹೆಚ್ಚು. ರಾತ್ರಿಯಿಡೀ ಬಸ್ಸು. ಬೆಳಗ್ಗೆ ಕಣ್ಣು ಬಿಟ್ಟರೆ ಬಯಲು ಮಾಯವಾಗಿ, ಎಲ್ಲಿ ನೋಡಿದರೂ ಹಸಿರು. ಮೊದಲ ಅಚ್ಚರಿ ಇಲ್ಲಿಂದಲೇ ಶುರು. ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆಯಾದರೆ ಒಳ್ಳೆಯ ವರ್ಷ ಎನ್ನುತ್ತೇವೆ. ಉಡುಪಿಯಲ್ಲಿ ಬೀಳುವುದು 4,000 ಮಿ.ಮೀ.ಗೂ ಮೇಲೆ. ನಾವು ಐದಾರು ವರ್ಷ ಮುಗಿಲು ನೋಡಿ ಪಡೆಯುವ ನೀರನ್ನು ಇವರು ಒಂದೇ ವರ್ಷದಲ್ಲಿ, ಅದರಲ್ಲೂ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಪಡೆಯುತ್ತಾರೆ. ನಾಲ್ಕು ಮೀಟರ್ ನೀರು! ಹರಿಯದೆ ಇಂಗದೆ ನಿಂತುಬಿಟ್ಟರೆ ಎರಡು ಆಳು ಮುಳುಗಿ ಮೇಲೆ ಇನ್ನೂ ಉಳಿಯುವಷ್ಟು.

ಊರೊಳಗೆ ಹೋದೆ. ರಥಬೀದಿಯ ಸುತ್ತ ಎಂಟು ಮಠ, ನಡುವೆ 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಸ್ಥಾಪಿಸಿದ ಕೃಷ್ಣ. ಕಿಟಕಿಗೆ ಒಂಬತ್ತು ಕಿಂಡಿ, ಆ ಒಂಬತ್ತರಲ್ಲೇ ದರ್ಶನ. ಎಂಟು ಮಠಗಳು ಎರಡೆರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತವೆ. ಅದೇ ಪರ್ಯಾಯ. ಎರಡು ವರ್ಷದ ಈ ಕ್ರಮವನ್ನು ವಾದಿರಾಜರು ತಂದದ್ದು 1522ರಲ್ಲಿ. ಅಲ್ಲಿಂದ ಈಚೆಗೆ ಕೈ ಬದಲಾದದ್ದು 250ಕ್ಕೂ ಹೆಚ್ಚು ಸಲ. ಎಂಟೂ ಮಠಗಳ ಒಂದು ಪೂರ್ತಿ ಸುತ್ತಿಗೆ 16 ವರ್ಷ, ಅಂಥ ಸುತ್ತುಗಳು 31 ಮುಗಿದಿವೆ. ದೆಹಲಿಯಲ್ಲಿ ಮೊಗಲರು ಕಾಲಿಡುವ ಮೊದಲೇ ಹಚ್ಚಿದ ದೀಪ ಕೈಯಿಂದ ಕೈಗೆ ಬಂದಿದೆ. ಐನೂರು ವರ್ಷ ದಾಟಿದ ಶಿಸ್ತು! ಆದರೂ ಜೋಳದಲ್ಲಿ ತೂಗಿದರೆ 15 ಗ್ರಾಂ. ಒಂದು ದೊಡ್ಡ ಚಮಚ.

ಈ ಚಮಚವನ್ನು ನೆನಪಿಡಿ, ಮುಂದೆ ಲಾರಿ ಬರುತ್ತದೆ.

ಮಲ್ಪೆ ಉಡುಪಿಯಿಂದ ಕೂಗಳತೆ. ಕರ್ನಾಟಕದ ಅತಿ ದೊಡ್ಡ ಮೀನುಗಾರಿಕೆ ಬಂದರು. ದಕ್ಕೆಯಲ್ಲಿ ಬೋಟುಗಳು ನಮ್ಮೂರ ಸಂತೆಯ ಬಂಡಿಗಳಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ. ಅದನ್ನು ದಾಟಿ ಮರಳಿಗೆ ಬಂದೆ. ಎದುರಿಗೆ ಕಡಲು. ಊರಿಗೆ ಫೋನು ಹಚ್ಚಿದೆ. ನಮ್ಮವ್ವ ಕೇಳಿದ ಮೊದಲ ಮಾತು, “ನೀರ್ ಎಷ್ಟ್ ಅದಪ್ಪ ಅಲ್ಲಿ?”

ಎಷ್ಟು ನೀರು! ಎಪ್ಪತ್ತೆರಡು ವರ್ಷದ, ಕಡಲನ್ನೇ ಕಾಣದ ತಾಯಿಗೆ ಯಾವ ಅಳತೆಯಲ್ಲಿ ಹೇಳಲಿ? ಅವ್ವನಿಗೆ ಗೊತ್ತಿರುವ ಅತಿ ದೊಡ್ಡ ನೀರು ನಾರಾಯಣಪುರ ಡ್ಯಾಮು, ನಮ್ಮ ಭಾಗದ ಹೊಲಗಳಿಗೆ ಕಾಲುವೆಯಲ್ಲಿ ಕೃಷ್ಣೆಯನ್ನು ಕಳಿಸುವ ಬಸವಸಾಗರ. ಅದರ ಹೊಟ್ಟೆ ಸುಮಾರು 33 ಟಿಎಂಸಿ. ಅದು ತುಂಬಿದ ಸುದ್ದಿ ಬಂದರೆ ಇಡೀ ಶಹಾಪುರ, ಸುರಪುರ, ವಡಗೇರಾ ಸೀಮೆ ನೆಮ್ಮದಿಯ ಉಸಿರು ಬಿಡುತ್ತದೆ. ಅರಬ್ಬೀ ಸಮುದ್ರದ ವಿಸ್ತಾರ ಸುಮಾರು 38.6 ಲಕ್ಷ ಚದರ ಕಿ.ಮೀ., ಅಂದರೆ ಇಪ್ಪತ್ತು ಕರ್ನಾಟಕಗಳನ್ನು ಪಕ್ಕಪಕ್ಕ ಹಾಸಿದಷ್ಟು. ಸರಾಸರಿ ಆಳ 2,734 ಮೀಟರ್. ಗುಣಿಸಿ ಭಾಗಿಸಿದೆ. ನಂಬಿಕೆ ಬರಲಿಲ್ಲ, ಮತ್ತೆ ಮಾಡಿದೆ. ಉತ್ತರ ಬದಲಾಗಲಿಲ್ಲ: ಒಂದು ಕೋಟಿಗೂ ಮೇಲೆ ನಾರಾಯಣಪುರ ಡ್ಯಾಮುಗಳು! ದಿನಕ್ಕೊಂದು ಡ್ಯಾಮು ಖಾಲಿ ಮಾಡುತ್ತ ಹೋದರೂ ಈ ಕಡಲು ಬತ್ತಲು 30,000 ವರ್ಷ ಬೇಕು. “ಒಂದ್ ಕೋಟಿ ಡ್ಯಾಮ್ ಅದ ಅವ್ವ” ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ದ್ವೀಪ ದಡದಿಂದ ಸುಮಾರು 6 ಕಿ.ಮೀ. ಬೋಟಿಗೆ ಅರ್ಧ ಗಂಟೆ. ಮಳೆಗಾಲದಲ್ಲಿ ಬೋಟು ಇಲ್ಲ. ತೆರೆ ಎದ್ದರೆ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಹತ್ತಿರವಾದಂತೆ ತೆಂಗಿನ ಮರಗಳು, ಅವುಗಳ ಬುಡದಲ್ಲಿ ಕಪ್ಪು ಕಲ್ಲಿನ ಗೋಡೆಗಳು ಕಾಣಿಸಿದವು. ಮುಖ್ಯವಾಗಿ ನಾಲ್ಕು ದ್ವೀಪ, ನೋಡಲು ಬಿಡುವುದು ತೆಂಗಿನ ದ್ವೀಪವನ್ನು. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ನಮ್ಮ ಲೆಕ್ಕದಲ್ಲಿ 12 ಎಕರೆ 14 ಗುಂಟೆ. ಒಬ್ಬ ರೈತನ ಹೊಲ! ಎತ್ತು ಕಟ್ಟಿದರೆ ಕೆಲವೇ ದಿನದಲ್ಲಿ ಹರಗಿ ಮುಗಿಸಬಹುದಾದಷ್ಟು ನೆಲ. ಅತಿ ಎತ್ತರದ ಜಾಗವೂ ಕಡಲಿನಿಂದ ಸುಮಾರು 10 ಮೀಟರ್. ಗಾತ್ರದಲ್ಲಿ ಇಷ್ಟೇ. ಇನ್ನು ಮುಂದೆ ಎಲ್ಲವೂ ದೊಡ್ಡದು.

ಮೊದಲು ಮಳೆಯನ್ನೇ ತೆಗೆದುಕೊಳ್ಳಿ. ಉಡುಪಿಯ ಆ ನಾಲ್ಕು ಮೀಟರ್ ಮಳೆ ಈ ಹನ್ನೆರಡು ಎಕರೆಯ ಮೇಲೂ ಸುರಿದರೆ ವರ್ಷಕ್ಕೆ 20 ಕೋಟಿ ಲೀಟರ್. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಿಗೆ ಬರುವ 5,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 40,000 ಟ್ಯಾಂಕರ್! ಟ್ರ್ಯಾಕ್ಟರ್ ಸಮೇತ ಒಂದೊಂದಕ್ಕೆ 8 ಮೀಟರ್ ಹಿಡಿದು ಸಾಲಾಗಿ ನಿಲ್ಲಿಸಿದರೆ 320 ಕಿ.ಮೀ. ಕರ್ನಾಟಕದ ಕರಾವಳಿಯ ಉದ್ದವೂ ಸುಮಾರು 320 ಕಿ.ಮೀ. ಕಾರವಾರದಿಂದ ಉಳ್ಳಾಲದವರೆಗೆ ಮೂತಿಗೆ ಬಾಲ ತಾಗಿಸಿ ನಿಂತ ಟ್ಯಾಂಕರುಗಳು, ಅಷ್ಟೂ ನೀರು ಒಂದು ಹೊಲದಷ್ಟು ಕಲ್ಲಿನ ಮೇಲೆ. ಅಲ್ಲಿ ಒಂದೇ ಒಂದು ಮನೆಯೂ ಇಲ್ಲ.

ಬೋಟಿನಿಂದ ಇಳಿದು ಬಂಡೆಗೆ ಕಾಲಿಟ್ಟೆ. ಬೋಟಿನವರು ಹಿಂದಿನಿಂದ ಕೂಗಿದರು, “ಜಾಗ್ರತೆ ಮಾರಾಯ್ರೆ, ಕಲ್ಲು ಜಾರ್ತದೆ.” ಜಾರುವುದಿರಲಿ, ನಾನು ನಿಂತಲ್ಲೇ ನಿಂತುಬಿಟ್ಟೆ. ಕಾಲ ಕೆಳಗೆ ಆರು ಮೂಲೆಯ ಕಲ್ಲು. ಪಕ್ಕದಲ್ಲಿ ಐದು ಮೂಲೆಯದು. ಅದಕ್ಕೆ ಅಂಟಿಕೊಂಡು ಏಳು ಮೂಲೆಯದು. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಹಾಸು ಹಾಕುವಾಗ ಮೇಸ್ತ್ರಿ ಉಳಿ ಹಿಡಿದು, ದಾರ ಕಟ್ಟಿ, ಮೂಲೆ ಕೂಡಿಸಲು ಬೆವರು ಸುರಿಸುತ್ತಾನೆ. ಇಲ್ಲಿ ದಾರವಿಲ್ಲ, ಉಳಿಯಿಲ್ಲ, ಮೇಸ್ತ್ರಿಯಿಲ್ಲ. ಸಾವಿರಾರು ಕಲ್ಲುಗಳು ಮೂಲೆಗೆ ಮೂಲೆ ಕೂಡಿ ನಿಂತಿವೆ. ಹಾಸುಗಲ್ಲು ಎಂದುಕೊಂಡದ್ದು ನಿಜಕ್ಕೂ ಕಂಬದ ತಲೆ. ಅಂಚಿಗೆ ಬಂದು ಬಗ್ಗಿ ನೋಡಿದರೆ ಅದೇ ಆರು ಮುಖಗಳು ನೇರವಾಗಿ ಕೆಳಕ್ಕೆ ಇಳಿದು ನೊರೆಯಲ್ಲಿ ಮುಳುಗುತ್ತವೆ. ಅತಿ ಎತ್ತರದ ಕಂಬ ಸುಮಾರು 6 ಮೀಟರ್. ನಾಲ್ಕು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೆ ತುದಿ ಸಿಗಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ಗೇಣು ಹಾಕಿ ನೋಡಿದೆ. ಒಂದು ಕಂಬದ ತಲೆ ಎರಡು ಗೇಣು, ಸುಮಾರು 45 ಸೆಂ.ಮೀ. ಅಂಥದೊಂದು ಕಂಬ ಆರು ಮೀಟರ್ ಎತ್ತರ ನಿಂತರೆ ತೂಕ ಸುಮಾರು 2.7 ಟನ್. ಒಂದು ಹೆಣ್ಣಾನೆ! ಅಂದರೆ ಅಲ್ಲಿ ಒತ್ತೊತ್ತಾಗಿ ನಿಂತದ್ದು ಕಂಬಗಳಲ್ಲ, ಆನೆಗಳು. ಹನ್ನೆರಡು ಎಕರೆಯೂ ಇಂಥ ಕಂಬಗಳಿಂದಲೇ ತುಂಬಿದೆ ಎಂದು ಲೆಕ್ಕ ಹಾಕಿದರೆ 2.8 ಲಕ್ಷ ಕಂಬ, 2.8 ಲಕ್ಷ ಆನೆ. ಕರ್ನಾಟಕದ ಕಾಡುಗಳಲ್ಲಿ 2023ರ ಗಣತಿಯಂತೆ ಇದ್ದ ಆನೆಗಳು 6,395. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಇಂಥ 43 ಕರ್ನಾಟಕಗಳ ಆನೆಗಳನ್ನು ಕರೆತಂದರೂ ಈ ಚೂರು ದ್ವೀಪದ ಮೇಲಿನ ಆರು ಮೀಟರ್ ಕಲ್ಲಿಗೆ ಸಮವಾಗುವುದಿಲ್ಲ. ಒಂದಕ್ಕೆ ಮೂರು ಮೀಟರಿನಂತೆ ಸಾಲು ನಿಲ್ಲಿಸಿದರೆ 840 ಕಿ.ಮೀ. ಮೊದಲ ಆನೆ ಮಲ್ಪೆಯಿಂದ ಹೊರಟು, ಘಟ್ಟ ಹತ್ತಿ, ವಡಗೇರಾ ದಾಟಿ ಬೀದರ್ ಮುಟ್ಟಿದಾಗಲೂ ಕೊನೆಯ ಆನೆಗಳು ಮರಳಿನ ಮೇಲೇ ನಿಂತಿರುತ್ತವೆ.

ಈ ಆನೆಗಳೆಲ್ಲ ಒಮ್ಮೆ ಕರಗಿ ಹರಿಯುತ್ತಿದ್ದವು! ಹೌದು, ಇದು ಜ್ವಾಲಾಮುಖಿಯ ಶಿಲೆ. ರಯೋಲೈಟ್, ಡೇಸೈಟ್ ಎಂದು ಅದರ ಜಾತಿ. ಅಂಥ ಶಿಲೆ ಕರಗಿ ಹೊರಬರುವಾಗ ಅದರ ಬಿಸಿ 700 ಡಿಗ್ರಿಯಿಂದ 900 ಡಿಗ್ರಿ. ನಮ್ಮ ಯಾದಗಿರಿ ಸೀಮೆಯಲ್ಲಿ ಮೇ ತಿಂಗಳಲ್ಲಿ 43, 44 ಡಿಗ್ರಿಯಾದರೆ ಬೀದಿಯಲ್ಲಿ ನಾಯಿಯೂ ತಿರುಗುವುದಿಲ್ಲ. ನೀರು ಕುದಿಯುವುದು 100ಕ್ಕೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಕರಗಿ ನೀರಾಗುವುದು 660ಕ್ಕೆ. ಕಲ್ಲು ಅದಕ್ಕಿಂತಲೂ ಬಿಸಿಯಾಗಿ ಇಲ್ಲಿ ಹರಿಯಿತು, ಆರಿತು, ಆರುತ್ತ ಆರುತ್ತ ಬಿರಿದು ಕಂಬವಾಯಿತು. ನಾನು ಬರಿಗಾಲಲ್ಲಿ ನಿಂತಿದ್ದೆ. ಕಲ್ಲು ಬೆಳಗಿನ ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೇ.

ಇದೆಲ್ಲ ಯಾವಾಗ ನಡೆಯಿತು? ಈಗ ಜೋಳದ ಚೀಲ ಬಿಚ್ಚುವ ಹೊತ್ತು ಬಂತು. ವಿಜ್ಞಾನಿಗಳ ಅಳತೆಗಳು 8.5 ಕೋಟಿಯಿಂದ 9 ಕೋಟಿ ವರ್ಷದ ನಡುವೆ ಇವೆ. ಹೆಚ್ಚಾಗಿ ಹೇಳುವುದು 8.8 ಕೋಟಿ. ವರ್ಷಕ್ಕೊಂದು ಕಾಳು ಹಾಕುತ್ತ ಬಂದಿದ್ದರೆ ಇವತ್ತಿಗೆ 26 ಚೀಲ ತುಂಬಿ ಇನ್ನೂ 40 ಕಿಲೋ ಮಿಕ್ಕಿರುತ್ತಿತ್ತು. ಎರಡು ಹೊತ್ತು ರೊಟ್ಟಿ ತಿನ್ನುವ ನಾಲ್ಕು ಜನರ ಮನೆಗೆ ನಾಲ್ಕೂವರೆ ವರ್ಷದ ಜೋಳ! ಇನ್ನೊಂದು ಸೋಜಿಗ ನೋಡಿ. ಆ 26 ಚೀಲದ ತೂಕ 2.6 ಟನ್‌ಗೆ ಸ್ವಲ್ಪ ಮೇಲೆ. ಕಂಬದ ತೂಕ 2.7 ಟನ್. ತಕ್ಕಡಿಯ ಒಂದು ತಟ್ಟೆಗೆ ಕಂಬವನ್ನೂ ಇನ್ನೊಂದಕ್ಕೆ ಅದರ ವಯಸ್ಸನ್ನೂ ಇಟ್ಟರೆ ಮುಳ್ಳು ಹೆಚ್ಚುಕಡಿಮೆ ನಡುವೆ ನಿಲ್ಲುತ್ತದೆ. ಕಲ್ಲು ತನ್ನ ತೂಕದಷ್ಟೇ ಕಾಲವನ್ನು ಹೊತ್ತು ನಿಂತಿದೆ.

ಈ 26 ಚೀಲದ ಪಕ್ಕದಲ್ಲಿ ನಮ್ಮ ಕಾಲಗಳನ್ನು ಇಟ್ಟು ನೋಡೋಣ. ವಾಸ್ಕೊ ಡ ಗಾಮ 1498ರಲ್ಲಿ ಈ ದ್ವೀಪಕ್ಕೆ ಬಂದು ಶಿಲುಬೆ ನೆಟ್ಟ, ಮೇರಿ ಮಾತೆಯ ಹೆಸರಿಟ್ಟ ಎಂದು ಇಲ್ಲಿನ ಜನ ಹೇಳಿಕೊಂಡು ಬಂದಿದ್ದಾರೆ. ಅದು 530ರ ಹತ್ತಿರದ ಕಾಳು, ಮತ್ತೆ ಅದೇ ಒಂದು ಚಮಚ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅಲ್ಲಿಂದ ಇಂದಿನವರೆಗೆ ಕನ್ನಡ ಬರಹದ ವಯಸ್ಸು 1,500 ದಾಟಿದೆ. ಒಂದು ಒಳ್ಳೆಯ ಜೋಳದ ತೆನೆಯಲ್ಲಿ ಅಷ್ಟು ಕಾಳಿರುತ್ತವೆ. ಪಂಪ, ವಚನಕಾರರು, ಕುಮಾರವ್ಯಾಸ, ದಾಸರು, ಇವತ್ತಿನ ಪತ್ರಿಕೆ, ಎಲ್ಲವೂ ಒಂದೇ ತೆನೆ! ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ. ಅದು 9 ಕಿಲೋ, ಗಿರಣಿಗೆ ಒಯ್ಯುವ ಒಂದು ಡಬ್ಬಿ. ಬೇಸಾಯ, ಬುದ್ಧ, ಬಸವಣ್ಣ, ಮೊಬೈಲು, ಮನುಷ್ಯಕುಲದ ಕತೆಯೆಲ್ಲ ಆ ಡಬ್ಬಿಯೊಳಗೆ. ಡಬ್ಬಿ ಮುಗಿದ ಮೇಲೆ 26 ಚೀಲ ಹಾಗೆಯೇ ನಿಂತಿರುತ್ತವೆ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಸುಮಾರು 20 ಚೀಲ. ಅಂದರೆ ಈ ಕಂಬಗಳು ಬಿಸಿಯಾರಿ ನಿಂತ ಮೇಲೂ ಆರೂವರೆ ಚೀಲದಷ್ಟು ಕಾಲ ಡೈನೋಸಾರ್‌ಗಳು ಭೂಮಿಯನ್ನು ಆಳಿದವು. ಉಡುಪಿಯ ಪರ್ಯಾಯ ಆವತ್ತೇ ಶುರುವಾಗಿದ್ದರೆ ಎಂಟು ಮಠಗಳ ಸುತ್ತು 55 ಲಕ್ಷ ಸಲ ಮುಗಿದಿರುತ್ತಿತ್ತು.

ಕಂಬದ ಮೇಲೆ ಕೂತು ಪಡುವಣ ದಿಕ್ಕಿಗೆ ಮುಖ ಮಾಡಿದೆ. ಈ ಕಲ್ಲು ಕರಗಿ ಹರಿದ ಕಾಲದಲ್ಲಿ ಎದುರಿಗೆ ಈ ಕಡಲೇ ಇರಲಿಲ್ಲ. ಇಲ್ಲಿಗೆ ಅಂಟಿಕೊಂಡು ಮಡಗಾಸ್ಕರ್ ಇತ್ತು! ಇವತ್ತು ಅದು ಆಫ್ರಿಕದ ಮಗ್ಗುಲಲ್ಲಿದೆ. ವಿಸ್ತಾರ 5.87 ಲಕ್ಷ ಚದರ ಕಿ.ಮೀ., ಮೂರು ಕರ್ನಾಟಕಗಳಷ್ಟು. ಅಷ್ಟು ದೊಡ್ಡ ನೆಲ ನಮ್ಮಿಂದ ಹರಿದುಹೋಯಿತು. ಆ ಬಿರುಕಿನ ಕಾಲದಲ್ಲಿ ಉಕ್ಕಿದ ಕಲ್ಲಿನ ಮೇಲೆ ನಾನು ಕೂತಿದ್ದೆ, ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಆ ದಡದಲ್ಲೂ ಇವೆ. ಮಲ್ಪೆಯಿಂದ ಮಡಗಾಸ್ಕರಿನ ಉತ್ತರ ತುದಿಗೆ ಈಗ ಸುಮಾರು 4,000 ಕಿ.ಮೀ. ನಮ್ಮ ಯಾದಗಿರಿ ನಿಲ್ದಾಣದ ಮೇಲೆ ಹಾಯುವ ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ದೆಹಲಿಗೆ ಓಡುವುದು ಸುಮಾರು 2,400 ಕಿ.ಮೀ. ಆ ರೈಲು ದೆಹಲಿ ಮುಟ್ಟಿ, ತಿರುಗಿ, ಮೂರನೇ ಎರಡು ಪಾಲು ದಾರಿ ವಾಪಸು ಬಂದಷ್ಟು ದೂರ.

ಅಷ್ಟು ದೂರ ಸರಿಯಲು ನೆಲ ಎಷ್ಟು ವೇಗದಲ್ಲಿ ಓಡಿರಬೇಕು? ಭಾಗಿಸಿ ನೋಡಿ. ವರ್ಷಕ್ಕೆ ಸರಾಸರಿ ನಾಲ್ಕೂವರೆ ಸೆಂ.ಮೀ. ನನ್ನ ಹೆಬ್ಬೆರಳಿನ ಉಗುರನ್ನು ಕಂಬದ ಚೂಪು ಅಂಚಿಗೆ ತಾಗಿಸಿ ನೋಡಿದೆ. ಈ ಉಗುರು ವರ್ಷಕ್ಕೆ ಸುಮಾರು ನಾಲ್ಕು ಸೆಂ.ಮೀ. ಬೆಳೆಯುತ್ತದೆ. ಖಂಡಗಳು ಉಗುರು ಬೆಳೆಯುವ ವೇಗದಲ್ಲಿ ನಡೆದು ಒಂದು ಸಾಗರವನ್ನೇ ತೆರೆದಿವೆ! ಭಾರತ ಈಗಲೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಗಾಮ ಬಂದುಹೋದ ಮೇಲೆ ಸರಿದದ್ದು 26 ಮೀಟರ್, ಎರಡೂವರೆ ಬಸ್ಸಿನ ಉದ್ದ. ಬೋಟು ಅರ್ಧ ಗಂಟೆಯಲ್ಲಿ ದಾಟಿದ ಆರು ಕಿ.ಮೀ. ದಾಟಲು ಈ ನೆಲಕ್ಕೆ 1.2 ಲಕ್ಷ ವರ್ಷ ಬೇಕು. ಆದರೆ ಬೋಟು ದಡ ಸೇರಿ ನಿಲ್ಲುತ್ತದೆ, ನೆಲ ನಿಲ್ಲುವುದಿಲ್ಲ. ಹಾಗೆ ನಿಲ್ಲದೆ ನಡೆದು ಏಷ್ಯಾಕ್ಕೆ ಢಿಕ್ಕಿ ಹೊಡೆದದ್ದಕ್ಕೇ ಹಿಮಾಲಯ ಎದ್ದದ್ದು.

ಇಷ್ಟಕ್ಕೇ ಬೆರಗಾಗಿ ಮುಗಿಸುವಂತಿಲ್ಲ. ಊರಿಗೆ ಮರಳುವಾಗ ನೆನಪಾಯಿತು, ಇದರ ದೊಡ್ಡ ತಮ್ಮ ನಮ್ಮ ಕಡೆಯೇ ಮಲಗಿದ್ದಾನೆ. ಕಲಬುರಗಿ, ಬೀದರ್ ದಿಕ್ಕಿನಿಂದ ಮಹಾರಾಷ್ಟ್ರದ ಬಹುಭಾಗದ ಮೇಲೆ ಹರಡಿರುವ ದಖನ್ ಲಾವಾ. ವಯಸ್ಸು 6.6 ಕೋಟಿ, ದ್ವೀಪಕ್ಕಿಂತ ಆರೂವರೆ ಚೀಲ ಚಿಕ್ಕವನು. ಗಾತ್ರ ಕೇಳಬೇಡಿ! ಸವೆದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ., ಎರಡೂವರೆ ಕರ್ನಾಟಕಕ್ಕೂ ಹೆಚ್ಚು. ಅದರಲ್ಲಿ ಬರೀ ಒಂದು ಮೀಟರ್ ದಪ್ಪದ ಪದರಕ್ಕೆ ಬೇಕಾದ ಕಲ್ಲಿನ ಪಾಕ 530 ನಾರಾಯಣಪುರ ಡ್ಯಾಮುಗಳಷ್ಟು. ನೀರಲ್ಲ, ಕೆಂಡದ ಪಾಕ. ತೆಂಗಿನ ದ್ವೀಪದ ಆ 2.8 ಲಕ್ಷ ಆನೆಯ ರಾಶಿಯನ್ನು ಸುಮಾರು 17 ಲಕ್ಷ ಸಲ ಸುರಿದರೆ ಈ ಒಂದು ಮೀಟರ್ ಮುಚ್ಚುತ್ತದೆ. ಮಹಾಬಲೇಶ್ವರದಲ್ಲಿ ಈ ಲಾವಾದ ದಪ್ಪ ಒಂದು ಮೀಟರ್ ಅಲ್ಲ, ಒಂದು ಕಿಲೋಮೀಟರಿಗೂ ಹೆಚ್ಚು!

ಬಸ್ಸು ಊರ ಸೀಮೆಗೆ ಬರುವಾಗ ಬೆಳಗಾಗಿತ್ತು. ಕಿಟಕಿಯಲ್ಲಿ ಶಹಾಪುರದ ಗುಡ್ಡ ಕಾಣಿಸಿತು, ಅಂಗಾತ ಮಲಗಿದ ಬುದ್ಧ. ಹಣೆ, ಮೂಗು, ಗದ್ದ, ಎದೆ. ಚಿಕ್ಕಂದಿನಿಂದ ನೋಡಿದ್ದೇನೆ, ಎಂದೂ ಅದರ ವಯಸ್ಸು ಕೇಳಿರಲಿಲ್ಲ. ಶಹಾಪುರ, ಸುರಪುರ ಸುತ್ತಲಿನ ಈ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷದವು. ಎಂಟೂಮುಕ್ಕಾಲು ಕೋಟಿಯ ಕಲ್ಲು ನೋಡಲು ನಾನು ರಾತ್ರಿಯಿಡೀ ಪ್ರಯಾಣ ಮಾಡಿ, ಕಡಲು ದಾಟಿ ಹೋಗಿದ್ದೆ. ಅದರ 28 ಪಟ್ಟು ಹಳೆಯ ಕಲ್ಲು ಬಸ್ಸಿನ ಕಿಟಕಿಯಲ್ಲೇ ಇತ್ತು! ಇದಕ್ಕೆ ಚೀಲದ ಲೆಕ್ಕ ಸಾಲದು, ಲಾರಿ ಬೇಕು. 750 ಚೀಲ, ಹತ್ತು ಟನ್ನಿನ ಏಳೂವರೆ ಲಾರಿ ಜೋಳ. ಡೈನೋಸಾರ್ ಹುಟ್ಟುವ ಮೊದಲು, ಮೀನು ಹುಟ್ಟುವ ಮೊದಲು, ಹುಲ್ಲಿನ ಒಂದು ಎಸಳೂ ಭೂಮಿಯ ಮೇಲೆ ಇಲ್ಲದಾಗ ಈ ಬಂಡೆಗಳು ಗಟ್ಟಿಯಾಗಿ ಕೂತಿದ್ದವು. ಹಾಸನದ ಗೊರೂರಿನ ಶಿಲೆಗಳು ಇನ್ನೂ ಹಿರಿಯವು, 330 ಕೋಟಿ ವರ್ಷಕ್ಕೂ ಮೇಲೆ, ಹತ್ತು ಲಾರಿ. ಭೂಮಿಯ ವಯಸ್ಸೇ 454 ಕೋಟಿ, ಹದಿಮೂರೂವರೆ ಲಾರಿ. ಅಂದರೆ ಭೂಮಿಯ ಆಯಸ್ಸಿನ ಅರ್ಧಕ್ಕೂ ಹೆಚ್ಚನ್ನು ಶಹಾಪುರದ ಬುದ್ಧ ಮಲಗಿಯೇ ಕಳೆದಿದ್ದಾನೆ.

ಮಲಗಿದ್ದಾನೆ ಎನ್ನುವುದೂ ತಪ್ಪು. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಬರಲು 94 ಕೋಟಿ ಕಿ.ಮೀ. ಓಡುತ್ತದೆ. ಭೂಮಿಯನ್ನೇ 23,500 ಸಲ ಸುತ್ತಿದಷ್ಟು ದಾರಿ, ಒಂದೇ ವರ್ಷದಲ್ಲಿ, ಒಂದೇ ಕಾಳಿನಲ್ಲಿ! ಮಲ್ಪೆಯ ಕಂಬಗಳು ಅಂಥ 8.8 ಕೋಟಿ ಸುತ್ತು ಮುಗಿಸಿವೆ. ಅವು ಓಡಿದ ದಾರಿಯನ್ನು ಬೆಳಕು ಓಡಬೇಕೆಂದರೆ 8,700 ವರ್ಷ ಬೇಕು. ಸೂರ್ಯ ಆಕಾಶಗಂಗೆಯ ನಡುವನ್ನು ಒಮ್ಮೆ ಸುತ್ತಲು ಹಿಡಿಯುವ ಕಾಲ ಸುಮಾರು 23 ಕೋಟಿ ವರ್ಷ. ಕಂಬಗಳು ಹುಟ್ಟಿದ ಮೇಲೆ ಆ ಸುತ್ತಿನ ಅರ್ಧವೂ ಆಗಿಲ್ಲ. ಬುದ್ಧನ ಗುಡ್ಡ ಮಾತ್ರ ಹತ್ತು ಸುತ್ತು ದಾಟಿ ಹನ್ನೊಂದರ ಕೊನೆಗೆ ಬಂದಿದೆ.

ಮನೆ ಸೇರಿದಾಗ ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಕಡಲು, ಕಂಬ, ಆನೆ, ಚೀಲ, ಲಾರಿ. ಅವ್ವ ಕೇಳುತ್ತ ಕೇಳುತ್ತ ಮೊರದಿಂದ ಒಂದೊಂದೇ ಕಾಳು ಎತ್ತಿ ಎಡಗೈಗೆ ಹಾಕಿಕೊಳ್ಳತೊಡಗಿದಳು. ಎಪ್ಪತ್ತೆರಡಕ್ಕೆ ನಿಲ್ಲಿಸಿದಳು. ಅಂಗೈ ಚಾಚಿ ತೋರಿಸಿದಳು. ಅಂಗೈಯ ಗುಳಿಯೂ ತುಂಬಿರಲಿಲ್ಲ. ಎರಡು ಗ್ರಾಂಗೆ ಸ್ವಲ್ಪ ಮೇಲೆ.

“ಇಷ್ಟೇ ಏನಪ್ಪ ನಾನು?”

ಇಷ್ಟೇ ಹೇಗಾಗುತ್ತದೆ? ಕಡಲನ್ನೇ ಕಾಣದ ಅವ್ವ ಸೂರ್ಯನ ಸುತ್ತ 72 ಸುತ್ತು ಬಂದವಳು. 6,768 ಕೋಟಿ ಕಿ.ಮೀ.! ಭೂಮಿಯನ್ನು 17 ಲಕ್ಷ ಸಲ ಸುತ್ತಿದ ಲೆಕ್ಕ ಅದು. ಹೇಳಿದೆ. ಅವ್ವನಿಗೆ ಅದು ಹಿಡಿಸಲಿಲ್ಲ. ಅಂಗೈ ನೋಡುತ್ತಲೇ ಇದ್ದಳು. ಆಮೇಲೆ ಕೇಳಿದಳು, “ಇವು ಬಿತ್ತಿದ್ರ ಎಷ್ಟಾಗ್ತಾವ?”

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಲೆಕ್ಕಕ್ಕೆ ಕೂತೆ. ಒಂದು ಕಾಳಿಗೆ ಒಂದು ತೆನೆ, ಒಂದು ತೆನೆಗೆ 1,500 ಕಾಳು, ಒಂದೂ ಹುಸಿಹೋಗಲಿಲ್ಲ ಎಂದಿಟ್ಟುಕೊಳ್ಳಿ. 72 ಕಾಳು ಬಿತ್ತಿದರೆ ಮೊದಲ ರಾಶಿ 1,08,000. ಅದನ್ನೆಲ್ಲ ಬಿತ್ತಿದರೆ ಎರಡನೆಯ ರಾಶಿ 16 ಕೋಟಿ 20 ಲಕ್ಷ. ಮಲ್ಪೆಯ ಕಂಬಗಳ ಎಂಟೂಮುಕ್ಕಾಲು ಕೋಟಿಯನ್ನು ಎರಡೇ ಸುಗ್ಗಿಯಲ್ಲಿ ದಾಟಿಬಿಟ್ಟೆವು! ಅದನ್ನೂ ಬಿತ್ತಿದರೆ ಮೂರನೆಯ ರಾಶಿ 24,300 ಕೋಟಿ. ಶಹಾಪುರದ ಬುದ್ಧ 250 ಕೋಟಿಗೆ ಹಿಂದೆ ಉಳಿದ. ಭೂಮಿ 454 ಕೋಟಿಗೆ ಉಳಿಯಿತು. ಇಡೀ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ, ಅಂಥ ಹದಿನೇಳು ವಿಶ್ವಗಳ ವಯಸ್ಸು ನಮ್ಮ ಕಣದಲ್ಲಿ ರಾಶಿ ಬಿದ್ದಿತ್ತು. ಮೂರು ಬಿತ್ತನೆ, ಮೂರು ಸುಗ್ಗಿ, ಅವ್ವನ ಅಂಗೈಯ ಎರಡು ಗ್ರಾಂ.

ಓದಿ ಹೇಳಿದೆ. ಅವ್ವ ತಲೆಯಾಡಿಸಿ ಕಾಳುಗಳನ್ನು ಮೊರಕ್ಕೆ ಸುರಿದಳು. ಒಂದು ಕಾಳು ಸಿಡಿದು ಶಹಾಬಾದ್ ಹಾಸಿನ ಸಂದಿಗೆ ಬಿತ್ತು. ಅವ್ವ ಬಗ್ಗಿ, ಕಣ್ಣು ಕಿರಿದು ಮಾಡಿ, ಉಗುರಿನ ತುದಿಯಿಂದ ಅದನ್ನು ಎಬ್ಬಿಸಿ ತೆಗೆದು ಮೊರಕ್ಕೆ ಹಾಕಿಕೊಂಡಳು.